ಎರಡು ಎಬಿಲಿಟಿ ಒಟ್ಟಿಗೆ ಬಂದರೆ: ವಾರ್‌ಹ್ಯಾಮರ್ ದಾರಿಯೋ, ಎಕ್ಸ್-ವಿಂಗ್ ದಾರಿಯೋ?

ಜಯನಗರದ ನಿಮ್ಮ ಭಾನುವಾರದ ಗುಂಪಿಗೆ ವಾರ್‌ಹ್ಯಾಮರ್, ಎಕ್ಸ್-ವಿಂಗ್‌ನಂಥ ಮೇಜಿನ ಮೇಲೆ ಆಡುವ ಯುದ್ಧದ ಗೇಮ್ ಆರಿಸುವಾಗ ಮಿನಿಯೇಚರ್‌ಗಳ (ಪುಟ್ಟ ಮಾದರಿಗಳ) ಅಂದ ಮಾತ್ರ ನೋಡಬೇಡಿ. ಇಬ್ಬರ ಎಬಿಲಿಟಿಯೂ, ಅಂದರೆ ಆಟದ ತುಣುಕುಗಳ ವಿಶೇಷ ಶಕ್ತಿಯೂ, ಒಂದೇ ಕ್ಷಣಕ್ಕೆ ಬಂದರೆ ಯಾವುದು ಮೊದಲು? ಜಗಳ ಶುರುವಾಗುವುದೇ ಅಲ್ಲಿ.

ವಾರ್‌ಹ್ಯಾಮರ್ 40,000ರ ಉತ್ತರ ಚಿಕ್ಕದು. ಯಾರ ಟರ್ನೋ ಅವರೇ ಕ್ರಮ ಹೇಳುತ್ತಾರೆ. ಇಬ್ಬರ ಟರ್ನೂ ಸೇರಿದ ರೌಂಡಿನ ಶುರುವಿನಲ್ಲೋ ಕೊನೆಯಲ್ಲೋ ಆದರೆ ಇಬ್ಬರೂ ಡೈಸ್ ಹಾಕಿ, ಗೆದ್ದವರು ಹೇಳುತ್ತಾರೆ. ಬೇಗ ಮುಗಿಯುತ್ತದೆ. ಆದರೆ ನಿಮ್ಮ ಎಬಿಲಿಟಿಯನ್ನು ಎದುರಾಳಿ ಹಿಂದಕ್ಕೆ ತಳ್ಳಿದಾಗ ಹೊಟ್ಟೆ ಉರಿಯುತ್ತದೆ ಅಲ್ವಾ?

2018ರ ಎಕ್ಸ್-ವಿಂಗ್ ಎರಡನೇ ಆವೃತ್ತಿಯಲ್ಲಿ ಎಬಿಲಿಟಿಗಳಿಗೆ ಕ್ಯೂ ಇದೆ. ಫಸ್ಟ್ ಪ್ಲೇಯರ್ ಆದವರು ತಮ್ಮ ಎಬಿಲಿಟಿಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಅದಕ್ಕೆ ಸೇರಿಸುತ್ತಾರೆ, ಆಮೇಲೆ ಇನ್ನೊಬ್ಬರು. ಒಂದನ್ನು ಮುಗಿಸುವಾಗ ಹೊಸದೊಂದು ಎದ್ದರೆ ಅದು ಕ್ಯೂನ ಕೊನೆಗಲ್ಲ, ಸೀದಾ ಮುಂದಕ್ಕೆ! ಮೆಜೆಸ್ಟಿಕ್‌ನ ಟಿಕೆಟ್ ಕೌಂಟರಿನಲ್ಲಿ ಹೀಗೆ ನುಗ್ಗಿದರೆ ಹೊಡೆದಾಟವೇ ಆಗುತ್ತದೆ. ಇಲ್ಲಿ ಮಾತ್ರ ಅದೇ ಗೊಂದಲ ತಪ್ಪಿಸುತ್ತದೆ. ಕಲಿಯೋಕೆ ಟೈಮ್ ಜಾಸ್ತಿ ಬೇಕು.

ಹೊಸಬರೇ ಇದ್ದರೆ ವಾರ್‌ಹ್ಯಾಮರ್ ದಾರಿ ಸಾಕು. ಕಾರ್ಡಿನ ಒಂದೊಂದು ಪದ ಹಿಡಿದು ವಾದಿಸುವ ಗೆಳೆಯರಿದ್ದರೆ ನನ್ನ ಓಟು ಎಕ್ಸ್-ವಿಂಗಿಗೆ. ಆದರೆ 2024ರಲ್ಲಿ ಕಂಪನಿ ಅದನ್ನು ಬೆಳೆಸುವುದು ನಿಲ್ಲಿಸಿದೆ, ಸೆಕೆಂಡ್ ಹ್ಯಾಂಡ್ ಹುಡುಕಬೇಕಾದೀತು.