ಮೂರು ವಿಸಿಲ್‌ನಲ್ಲಿ ಮುಗಿಯದ ಡೇಂಜರಸ್ ಡೇವ್

ಎರಡು ವರ್ಷದಿಂದ ಹೆಚ್ಚುಕಮ್ಮಿ ದಿನಾ ಡೇಂಜರಸ್ ಡೇವ್ ಅನ್ನುವ ಹಳೇ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಸಂಜೆ ಕುಕ್ಕರ್ ಇಟ್ಟ ಮೇಲೆ ಮೂರು ವಿಸಿಲ್ ಆಗುವವರೆಗೆ, ಅಷ್ಟೇ. ನನ್ನ ವಯಸ್ಸಿನವರು ಬಹಳ ಜನ ಇದನ್ನು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲೇ ಆಡಿರುತ್ತೀರಿ. ಚಪ್ಪಲಿ ಹೊರಗೆ ಬಿಟ್ಟು, ಒಂದು ಕಂಪ್ಯೂಟರಿಗೆ ಇಬ್ಬರು ಕೂತು, ಸರ್ ಆಚೆ ಹೋದ ಕೂಡಲೇ ಶುರು. ಒಬ್ಬ ಓಡಿಸುವವನು, ಇನ್ನೊಬ್ಬ ಗನ್ ಹೊಡೆಯುವವನು. ಆದ್ದರಿಂದ ಕಪ್ ತಗೊಂಡು ಬಾಗಿಲಿಗೆ ಓಡಬೇಕು ಅನ್ನುವುದನ್ನೆಲ್ಲ ಮತ್ತೆ ಹೇಳಲು ಹೋಗುವುದಿಲ್ಲ.

ಖರ್ಚು ಅಂತ ಆಗಿದ್ದು 450 ರೂಪಾಯಿ, ಅದೂ ಕೀಬೋರ್ಡಿಗೆ. ನನ್ನ ಹಳೇ ಲ್ಯಾಪ್‌ಟಾಪಿನ ಬಾಣದ ಕೀಗಳು ಕಡಲೆಬೀಜದಷ್ಟಿವೆ. ಮೇಲಿನ ಬಾಣ ಒತ್ತಿ ಜಿಗಿಸೋಣ ಅಂದರೆ ಕೆಳಗಿನದು ಒತ್ತಿಹೋಗುತ್ತಿತ್ತು. ಡಾಸ್ ಅನ್ನುವ ಹಳೇ ಪಿಸಿ ವ್ಯವಸ್ಥೆಯ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಪುಕ್ಕಟೆ. ಅದನ್ನು ತೆರೆದು, ಆಟ ಯಾವ ಫೋಲ್ಡರಿನಲ್ಲಿದೆ ಅಂತ ಹೇಳುವ ಮೌಂಟ್ ಕಮಾಂಡನ್ನು ಪ್ರತಿ ಸಲವೂ ಕೈಯಲ್ಲೇ ಟೈಪ್ ಮಾಡುತ್ತೇನೆ. ಒಂದು ಫೈಲಿನಲ್ಲಿ ಬರೆದಿಟ್ಟರೆ ತಾನಾಗೇ ಆಗುತ್ತದೆ, ಗೊತ್ತು. ಆದರೆ ಊದುಬತ್ತಿ ಹಚ್ಚುವುದಕ್ಕೂ ಮೆಷಿನ್ ಇಟ್ಟರೆ ಹೇಗೆ? ಕಪ್ಪು ಪರದೆ, ಮಿನುಗುವ ಕರ್ಸರ್, ಆಮೇಲೆ ಡೇವ್ ನಡೆಯುವಾಗಿನ ಆ ಕರಕರ ಸದ್ದು. ಮನೆಯವರಿಗೆ ಅದು ಕೇಳಿದರೆ ಆಗುವುದಿಲ್ಲ. ನನಗೆ ಅದಿಲ್ಲದೆ ಅಡುಗೆ ಆಗುವುದಿಲ್ಲ.

ಈಗ ದೂರು. ಪರದೆ ಸರಿಯುವ ರೀತಿ. ಡೇವ್ ಅಂಚಿಗೆ ಬಂದಾಗ ಆಟ ಅಲ್ಲೇ ನಿಂತು, ಹಿಂದಿನ ಚಿತ್ರವೆಲ್ಲ ದಡಬಡ ಅಂತ ಪಕ್ಕಕ್ಕೆ ಸರಿದು, ಆಮೇಲೆ ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ನನ್ನ ಬೆರಳು ಬಲಗಡೆಯ ಬಾಣದ ಮೇಲೇ ಇರುತ್ತದೆ. ಡೇವ್ ಸೀದಾ ಹೋಗಿ ಬೆಂಕಿಗೆ ಬೀಳುತ್ತಾನೆ. ಲ್ಯಾಬಿನಲ್ಲಿ ಆಡುವಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಪಕ್ಕದವನು ಕೂಗಿಕೊಳ್ಳುತ್ತಿದ್ದನಲ್ಲ, ಅದರಲ್ಲೇ ಕಳೆದುಹೋಗಿರಬೇಕು. ಒಬ್ಬನೇ ಕೂತರೆ ಪ್ರತಿ ಸಲವೂ ಮುಖಕ್ಕೆ ಹೊಡೆದ ಹಾಗಾಗುತ್ತದೆ. ಮೊದಲ ತಿಂಗಳಲ್ಲೇ ಡಿಲೀಟ್ ಮಾಡುವುದರಲ್ಲಿದ್ದೆ.

ಮಾಡಲಿಲ್ಲ. ಯಾಕೆ ಹೀಗಿದೆ ಅಂತ ಹುಡುಕುತ್ತಾ ಹೋದೆ. ಅಮೆರಿಕದ ಆಟಗಾರಿಕೆಯ ಪ್ರೋಗ್ರಾಮರ್ ಜಾನ್ ರೊಮೆರೊ ಇದನ್ನು 1988ರಲ್ಲಿ ಆಪಲ್ ಟೂ ಕಂಪ್ಯೂಟರಿಗೆ ಬರೆದಿದ್ದು, ನಿಂಟೆಂಡೊ ಕಂಪನಿಯ ಮಾರಿಯೋ ಆಟ ನೋಡಿ ಆಸೆಪಟ್ಟು. ನಾವು ಆಡಿದ್ದು 1990ರ ಡಾಸ್ ಆವೃತ್ತಿ. ಆಗಿನ ಪಿಸಿಗೆ ಪರದೆಯನ್ನು ನುಣ್ಣಗೆ ಸರಿಸುವುದು ಸಣ್ಣ ಕೆಲಸವಲ್ಲ. ಪ್ರತಿ ಹೆಜ್ಜೆಗೂ ಇಡೀ ಚಿತ್ರವನ್ನು ಮತ್ತೆ ಬಿಡಿಸಬೇಕು, ಅಷ್ಟು ಕಸುವು ಅದಕ್ಕಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ರೊಮೆರೊನ ಜೊತೆ ಕೆಲಸ ಮಾಡುತ್ತಿದ್ದ ಜಾನ್ ಕಾರ್ಮಾಕ್ ಒಂದು ಉಪಾಯ ಕಂಡುಹಿಡಿದ. ಎಲ್ಲವನ್ನೂ ಯಾಕೆ ಬಿಡಿಸಬೇಕು, ಬದಲಾದ ಚೌಕಗಳನ್ನು ಮಾತ್ರ ಬಿಡಿಸಿದರೆ ಸಾಕಲ್ವಾ? ಅವನೂ ಅಲ್ಲೇ ಕೆಲಸ ಮಾಡುತ್ತಿದ್ದ ಟಾಮ್ ಹಾಲೂ ಸೇರಿ ರಾತ್ರಿ ಕೂತು ಮೂರನೇ ಮಾರಿಯೋ ಆಟದ ಮೊದಲ ಹಂತವನ್ನು ಪಿಸಿಯಲ್ಲಿ ಹಾಗೇ ಎಬ್ಬಿಸಿದರು. ನಿಲ್ಲದೆ, ತಡವರಿಸದೆ, ನೀರಿನ ಹಾಗೆ ಸರಿಯುವ ಪರದೆ. ಅದರೊಳಗೆ ಓಡಿದ್ದು ಮಾತ್ರ ಮಾರಿಯೋ ಅಲ್ಲ, ನಮ್ಮ ಡೇವ್! ಬೆಳಿಗ್ಗೆ ರೊಮೆರೊನ ಮೇಜಿನ ಮೇಲೆ ಆ ಫ್ಲಾಪಿ ಇತ್ತು. ಅದೇ ಉಪಾಯದ ಮೇಲೆ ಡಿಸೆಂಬರಿನಲ್ಲಿ ಕಮಾಂಡರ್ ಕೀನ್ ಅನ್ನುವ ಆಟ ಬಂತು, 1991ರಲ್ಲಿ ಅವರದೇ ಕಂಪನಿ ಇಡ್ ಸಾಫ್ಟ್‌ವೇರ್ ಶುರುವಾಯಿತು, 1993ರಲ್ಲಿ ಅವರ ಹೆಸರಾಂತ ಆಟ ಡೂಮ್.

ನಾನು ಬೈಯುತ್ತಿದ್ದ ತಡವರಿಕೆಯನ್ನು ಮೊದಲು ದಾಟಿ ಓಡಿದವನೂ ಇವನೇ ಅಂತ ಗೊತ್ತಾದ ಮೇಲೆ ಸಿಟ್ಟು ಇಳಿಯಿತು. ಈಗ ಅಂಚನ್ನು ಹೊಸ್ತಿಲು ಅಂತ ಅಂದುಕೊಂಡಿದ್ದೇನೆ. ಬಂದ ಕೂಡಲೇ ಕೀ ಬಿಡುತ್ತೇನೆ. ಪರದೆ ಸರಿದು ಮುಗಿಯಲಿ. ಆಚೆ ಏನಿದೆ ನೋಡಿ ಆಮೇಲೆ ಹೆಜ್ಜೆ. ಬೆಂಕಿಗೆ ಬೀಳುವುದು ತುಂಬಾ ಕಡಿಮೆಯಾಗಿದೆ.

ಗನ್ ವಿಷಯದಲ್ಲಿ ನನಗಿನ್ನೂ ಸಮಾಧಾನವಿಲ್ಲ. ಒಂದು ಲೆವೆಲ್‌ನಲ್ಲಿ ಸಿಕ್ಕಿದ್ದು ಮುಂದಿನದಕ್ಕೆ ಬರುವುದಿಲ್ಲ. ಮೇಲಾಗಿ ಗನ್ ಹೊಡೆಯಬೇಕಾದ ನನ್ನ ಎಡಗೈ ದಡ್ಡ. ಶಾಲೆಯಲ್ಲಿ ನಾನು ಓಡಿಸುವವನಾಗಿದ್ದೆ.

ಮಕ್ಕಳಿಗೆ ತೋರಿಸೋಣ ಅಂತಿದ್ದರೆ ಬೇಡ. ಅಕ್ಕನ ಮಗ ಎರಡು ನಿಮಿಷ ನೋಡಿ, 'ಹ್ಯಾಂಗ್ ಆಯ್ತು ಮಾವ' ಅಂತ ಎದ್ದುಹೋದ. ಮೊದಲೇ ಆಡಿದ್ದವರಾದರೆ, ಬಾಣದ ಕೀ ದೊಡ್ಡದಿರುವ ಕೀಬೋರ್ಡ್ ಇದ್ದರೆ, ಸುಮ್ನೆ ಹಾಕಿ ನೋಡಿ. ಮೊದಲ ಲೆವೆಲ್ ದಾಟಿದಾಗ 'ಗುಡ್ ವರ್ಕ್! ಓನ್ಲಿ 9 ಮೋರ್ ಟು ಗೋ!' ಅಂತ ಬರುತ್ತದಲ್ಲ, ನನಗೆ ಆಫೀಸಿನಲ್ಲಿ ಅಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ನಡುವೆ ಸೇವ್ ಮಾಡಲು ಆಗುವುದಿಲ್ಲ. ದಿನಾ ಒಂದರಿಂದಲೇ ಶುರು. ತೊಗರಿಬೇಳೆಯ ಮೂರು ವಿಸಿಲ್‌ಗೆ ಆರನೇ ಲೆವೆಲ್ ದಾಟುವುದು ನನ್ನ ಕೈಲಾಗಿಲ್ಲ. ಕಡಲೆಕಾಳಿಗೆ ಆರು ವಿಸಿಲ್ ಬೇಕು. ಈಚೆಗೆ ನಮ್ಮನೆಯಲ್ಲಿ ಕಡಲೆಕಾಳಿನ ಸಾರು ಜಾಸ್ತಿ.