ಸಿಂದಗಿ ಕ್ರೂಸರ್ ಹತ್ತುವವರೇ, ‘ಡೀಸೆಲ್ ತುಟ್ಟಿ ಆಗ್ಯಾದ’ ಅಂದರೆ ನಂಬಬೇಡಿ. ನಾನು ನಂಬಿ ಮಂಗ ಆದೆ

ಮೊದಲೇ ಹೇಳಿಬಿಡುತ್ತೇನೆ, ಹೋಗಿದ್ದು 40 ರೂಪಾಯಿ. ಅದರ ಮೇಲೆ ಇನ್ನೊಂದು 20. ಒಟ್ಟು 60. ಇಷ್ಟಕ್ಕೆ ಇಷ್ಟುದ್ದ ಬರೆಯಬೇಕಾ ಅಂತ ನನ್ನ ಹೆಂಡತಿಯೂ ಕೇಳಿದಳು. ದುಡ್ಡು ಹೋದದ್ದಕ್ಕಲ್ಲ. ನಾನು ಲೆಕ್ಕ ಬರೆದು ಹೊಟ್ಟೆ ಹೊರೆಯುವವನು. ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಬೇರೆಯವರ ಬಿಲ್ಲಿನಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ಹಿಡಿಯುತ್ತೇನೆ. ಅಂಥವನು ಬಾಯಿ ಮುಚ್ಚಿಕೊಂಡು ಕೊಟ್ಟು ಬಂದೆ. ಬಾಯಿ ಮುಚ್ಚಿಕೊಂಡಿದ್ದರೂ ಪರವಾಗಿರಲಿಲ್ಲ, ಬಾಯಿ ಬಿಟ್ಟು ಅವನ ಪರವಾಗಿ ವಾದ ಬೇರೆ ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಳೆದ ವರ್ಷ, 2025ರ ಏಪ್ರಿಲ್. ಸಿಂದಗಿಯಲ್ಲಿ ಕಾಕಾನ ಮಗಳ ಮದುವೆ. ರಾತ್ರಿ ರೈಲಿಗೆ ಬಂದು ಬೆಳಿಗ್ಗೆ ವಿಜಯಪುರದಲ್ಲಿ ಇಳಿದೆ. ಎರಡು ಬ್ಯಾಗು, ಒಂದು ಸೀರೆ ಬಾಕ್ಸು. ಬಸ್ ಸ್ಟ್ಯಾಂಡಿಗೆ ಬಂದರೆ ಸಿಂದಗಿ ಬಸ್ಸಿನ ಬಾಗಿಲಲ್ಲೇ ಜನ ಜೋತಾಡುತ್ತಿದ್ದರು. ಮದುವೆ ಸೀಸನ್ನು, ಮೇಲೆ ಬಿಸಿಲು. ಹೊರಗೆ ಬಂದೆ. ಹೊರಗೆ ಏನಿರುತ್ತದೆ ಅಂತ ಆ ಕಡೆಯವರಿಗೆ ಗೊತ್ತೇ ಇದೆ. ಸಾಲಾಗಿ ಕ್ರೂಸರ್‌ಗಳು, ಅಂದರೆ ಸೀಟಿನ ಲೆಕ್ಕದಲ್ಲಿ ಜನ ತುಂಬಿಕೊಂಡು ಹೋಗುವ ದೊಡ್ಡ ಜೀಪಿನಂಥ ಗಾಡಿಗಳು, ‘ಸಿಂದಗಿ ಸಿಂದಗಿ ಸಿಂದಗಿ’ ಅಂತ ಕೂಗುವ ಹುಡುಗರು.

‘ಒಂದ ಸೀಟ್ ಅದ ಸರ್, ಹೊಂಟೇಬಿಡ್ತು ಗಾಡಿ’ ಅಂತ ಒಬ್ಬ ನನ್ನ ಬ್ಯಾಗು ಕಿತ್ತುಕೊಂಡು ಟಾಪಿಗೆ ಎಸೆದ. ನೋಡಿದರೆ ನಿಜ, ಗಾಡಿ ತುಂಬಿದೆ. ನಡು ಸೀಟಿನಲ್ಲಿ ಚೆಕ್ಸ್ ಅಂಗಿಯ ಒಬ್ಬ ಕಿಟಕಿಗೆ ಒರಗಿ ಕೂತಿದ್ದ. ಈ ಚೆಕ್ಸ್ ಅಂಗಿಯವನನ್ನು ನೆನಪಿಡಿ.

ನಾನು ದರ ಕೇಳದೆ ಹತ್ತಿದೆ ಅಂದುಕೊಳ್ಳಬೇಡಿ. ಕೇಳಿದೆ. ಹತ್ತುವ ಮೊದಲೇ ಕೇಳಿದೆ. ಡ್ರೈವರ್ ಏನು ಹೇಳಿದ ಗೊತ್ತಾ? ‘ಎಲ್ರೂ ಕೊಟ್ಟಷ್ಟ ಕೊಡ್ರಿ ಸರ್, ನಿಮ್ಗೇನ್ ಬ್ಯಾರೆ ಅದನ ರೇಟ್?’ ಎಷ್ಟು ನ್ಯಾಯವಾದ ಮಾತು! ನನಗೂ ಹಾಗೇ ಅನ್ನಿಸಿತು. ಮೊದಲು 80 ಕೊಟ್ಟ ನೆನಪು. ಹತ್ತು ರೂಪಾಯಿ ಆಚೆ ಈಚೆ ಆಗಬಹುದು ಅಂದುಕೊಂಡು ಕೂತೆ.

‘ಹೊಂಟೇಬಿಡ್ತು’ ಅಂದ ಗಾಡಿ ಹೊರಡಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರು ಇಳಿದು ಚಹಾ ಅಂಗಡಿ ಕಡೆ ಹೋದವರು ವಾಪಸ್ ಬರಲೇ ಇಲ್ಲ. ಅವರ ಜಾಗಕ್ಕೆ ಮೂವರು ಬಂದು ಕೂತರು. ಆಗಲಾದರೂ ತಲೆ ಓಡಬೇಕಿತ್ತು. ಗಾಡಿ ತುಂಬಿದ ಹಾಗೆ ಕಾಣಲಿ ಅಂತ ಸುಮ್ನೆ ಜನ ಕೂರಿಸುವುದು ಹೊಸದಲ್ಲ ಅಲ್ವಾ? ನನಗೇ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ನೋಡುತ್ತಾ ಕೂತೆ.

ಊರು ದಾಟಿ ಎರಡು ಮೂರು ಕಿಲೋಮೀಟರ್ ಹೋಗಿರಬೇಕು, ಚೆಕ್ಸ್ ಅಂಗಿಯವನು ಯಾರೂ ಕೇಳದೆಯೇ ಜೇಬಿಗೆ ಕೈ ಹಾಕಿದ. ಇನ್ನೂರರ ನೋಟು ತೆಗೆದು ಎಲ್ಲರಿಗೂ ಕೇಳುವ ಹಾಗೆ ‘ತಗೋ ಅಣ್ಣಾ, ಸಿಂದಗಿ ಒಂದು, ನೂರಾ ಇಪ್ಪತ್ತು ಹಿಡ್ಕೊ’ ಅಂದ. ಡ್ರೈವರ್ ಎಂಬತ್ತು ವಾಪಸ್ ಕೊಟ್ಟ. ನಾನು ‘ನೂರಾ ಇಪ್ಪತ್ತಾ?’ ಅಂದೆ. ಡ್ರೈವರ್ ಬಾಯಿ ಬಿಡಲಿಲ್ಲ. ಉತ್ತರ ಕೊಟ್ಟಿದ್ದು ಚೆಕ್ಸ್ ಅಂಗಿ. ‘ಡೀಸೆಲ್ ತುಟ್ಟಿ ಆಗ್ಯಾದಲ್ರಿ ಸರ್, ಒಂದನೇ ತಾರೀಖಿನಿಂದ. ಪೇಪರ್ ನೋಡಿಲ್ಲೇನ್ ನೀವು?’

ಪೇಪರ್ ನೋಡಿದ್ದೆ. ಅದೇ ನನ್ನ ಗ್ರಹಚಾರ. ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿಸಿತ್ತು. ಲೀಟರಿಗೆ ಎರಡು ರೂಪಾಯಿ ಜಾಸ್ತಿ. ಬೆಂಗಳೂರಿನಲ್ಲಿ 89 ಚಿಲ್ಲರೆ ಇದ್ದದ್ದು 91 ಚಿಲ್ಲರೆ ಆಗಿತ್ತು. ಇದೆಲ್ಲ ನನಗೆ ಬಾಯಿಪಾಠ. ಹಾಗಾಗಿ ‘ಹೌದು ಹೌದು’ ಅಂತ ತಲೆ ಆಡಿಸಿದೆ. ಡ್ರೈವರ್ ಆಗ ಮೆಲ್ಲಗೆ ಸ್ಟೇರಿಂಗ್ ಪಕ್ಕದಿಂದ ಒಂದು ಲ್ಯಾಮಿನೇಶನ್ ಮಾಡಿಸಿದ ಕಾಗದ ತೆಗೆದು ಹಿಂದಕ್ಕೆ ಹಿಡಿದ. ‘ದರ ಹೆಚ್ಚಳ’ ಅನ್ನುವ ದಪ್ಪ ಅಕ್ಷರ ಕಂಡಿತು. ಅಷ್ಟೇ ಓದಿದೆ. ಅಷ್ಟು ಓದುವುದರೊಳಗೆ ವಾಪಸ್ ಒಳಗೆ ಹೋಯಿತು. ನಾನು 120 ಎಣಿಸಿ ಕೊಟ್ಟೆ.

ಅದು ಬಸ್ ದರದ ಸುದ್ದಿಯ ಪೇಪರ್ ಕಟಿಂಗು! 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿಗೆ ಶೇ 15 ಏರಿಸಿದ್ದರಲ್ಲ, ಅದು. ಸಿಂದಗಿಯಲ್ಲಿ ಇಳಿದ ಮೇಲೆ ಕಿಟಕಿಯಿಂದ ಬಗ್ಗಿ ನೋಡಿದಾಗ ಪೂರ್ತಿ ಕಂಡಿತು. ‘ಬಸ್ ಪ್ರಯಾಣ’ ಅನ್ನುವ ಮೇಲಿನ ಸಾಲಿನ ಮೇಲೆ ಅವನು ಹೆಬ್ಬೆರಳು ಇಟ್ಟು ಹಿಡಿದಿದ್ದ. ಬಸ್ಸಿನ ಲೆಕ್ಕವೇ ಹಾಕಿದರೂ 80ಕ್ಕೆ ಶೇ 15 ಅಂದರೆ 12 ರೂಪಾಯಿ. 92 ಆಗಬೇಕು. 120 ಯಾವ ಲೆಕ್ಕ?

ಆದರೆ ನನಗೆ ಈಗಲೂ ರಾತ್ರಿ ನೆನಪಾದರೆ ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗುವುದು ಇದಲ್ಲ.

ದೇವರ ಹಿಪ್ಪರಗಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಒಬ್ಬ ಅಜ್ಜಿ ಇಳಿಯಬೇಕಾಯಿತು. ಬಸ್ ಫ್ರೀ ಇದ್ದರೂ ಆಕೆ ಕ್ರೂಸರ್ ಹತ್ತಿದ್ದು ಯಾಕೆ ಅಂದರೆ, ಬಸ್ಸು ಆಕೆಯ ಊರಿನ ಕ್ರಾಸಿನಲ್ಲಿ ನಿಲ್ಲಿಸುವುದಿಲ್ಲವಂತೆ. ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಕೊಟ್ಟಳು. ಡ್ರೈವರ್ ‘ಎಂಬತ್ತು ಆಯಿ’ ಅಂದ. ಆಕೆ ‘ಯಾಕೋ? ಮೊನ್ನಿ ಐವತ್ತ ಕೊಟ್ಟೀನಿ’ ಅಂದಳು. ಅವನು ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ಈಗ ಅನ್ನಿಸುತ್ತದೆ, ನಾನು ಅಲ್ಲಿ ಇರದಿದ್ದರೆ ಆಕೆಯನ್ನು ಐವತ್ತಕ್ಕೇ ಇಳಿಸುತ್ತಿದ್ದ. ನನ್ನ ಎದುರಿಗೆ ನಾಟಕ ಮುಂದುವರಿಸಬೇಕಿತ್ತಲ್ಲ!

ಆಗ ಈ ಲೆಕ್ಕದ ಪಂಡಿತ ಬಾಯಿ ಹಾಕಿದ. ‘ಆಯಿ, ಡೀಸೆಲ್ ತುಟ್ಟಿ ಆಗ್ಯಾದ, ಸರ್ಕಾರದವ್ರೇ ಏರ್ಸ್ಯಾರ. ಪಾಪ ಅವ್ರೇನ್ ಮಾಡ್ತಾರ?’ ಅಂದೆ. ಹೌದು, ನಾನೇ ಅಂದೆ. ಆಕೆ ಮತ್ತೆ ಗಂಟಿನಲ್ಲಿ ತಡಕಾಡಿ ಹತ್ತು ರೂಪಾಯಿ ಎಳೆದಳು. ಅಲ್ಲಿಗೆ ಗಂಟು ಖಾಲಿ. ಉಳಿದ ಇಪ್ಪತ್ತು ನಾನೇ ಕೊಟ್ಟೆ. ದೊಡ್ಡ ಉಪಕಾರ ಮಾಡಿದ ಮುಖ ಮಾಡಿಕೊಂಡು ಕೊಟ್ಟೆ. ಆಕೆ ಇಳಿದು, ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ ‘ನಿನಗ ರೊಕ್ಕ ಭಾಳ ಆಗ್ಯಾವೇನೋ ಯಪ್ಪಾ’ ಅಂದಳು. ಗಾಡಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಗುತ್ತಿದ್ದಾರೆ ಅಂತ ಗೊತ್ತಿಲ್ಲದೆ ನಕ್ಕೆ.

ಸಿಂದಗಿ ಬಂತು. ಬ್ಯಾಗು ಇಳಿಸಿಕೊಂಡು ಒಂದು ಚಹಾ ಕುಡಿದು ಹೋಗೋಣ ಅಂತ ಎದುರಿನ ಅಂಗಡಿಗೆ ಹೋದೆ. ಅಲ್ಲಿ ಡ್ರೈವರ್ ಮತ್ತು ಚೆಕ್ಸ್ ಅಂಗಿ ಒಂದೇ ಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಡ್ರೈವರ್ ಒಂದು ನೂರರ ನೋಟು, ಒಂದು ಇಪ್ಪತ್ತರ ನೋಟು ಮಡಿಸಿ ಅವನ ಅಂಗಿಯ ಜೇಬಿಗೆ ತುರುಕಿದ. ಅವನು ಚಹಾ ಮುಗಿಸಿ ಎದ್ದು, ಬಾಯಿ ಒರೆಸಿಕೊಂಡು, ವಿಜಯಪುರಕ್ಕೆ ಹೊರಟಿದ್ದ ಇನ್ನೊಂದು ಕ್ರೂಸರ್‌ನ ನಡು ಸೀಟಿನಲ್ಲಿ ಕಿಟಕಿಗೆ ಒರಗಿ ಕೂತ. ಈಗ ತಾನೇ ವಿಜಯಪುರದಿಂದ ಬಂದವನು!

ಒಂದು ನಿಮಿಷ ಕೈಯಲ್ಲಿ ಲೋಟ ಹಿಡಿದುಕೊಂಡು ನಿಂತಿದ್ದೆ. ನೂರಾ ಇಪ್ಪತ್ತು. ಅದೇ ನೂರಾ ಇಪ್ಪತ್ತು. ಆಮೇಲೆ ಹೋಗಿ ಡ್ರೈವರ್‌ನನ್ನು ಕೇಳಿದೆ.

ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನಾಳೆ ನಿಮಗೂ ಇವೇ ಸಿಗುತ್ತವೆ.

‘ಹೇಳೇ ತಗೊಂಡೀನಲ್ರಿ ಸರ್, ಕಸ್ಕೊಂಡೀನೇನು?’

‘ಬ್ಯಾಡಾಗಿತ್ತಂದ್ರ ಇಳೀಬೇಕಿತ್ತು, ಹಗ್ಗ ಹಾಕಿ ಕಟ್ಟಿದ್ನೇನ್ ನಿಮ್ಮನ್ನ?’

‘ಬಸ್ಸಿನ ರೇಟ್ ಏರಿಸಿದಾಗ ಸರ್ಕಾರದವ್ರನ್ನ ಕೇಳಿದ್ರೇನು? ನಮ್ಮನ್ನಷ್ಟ ಕೇಳ್ತೀರಿ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಿಜ ಹೇಳಬೇಕೆಂದರೆ. ಚೆಕ್ಸ್ ಅಂಗಿಯ ವಿಷಯ ತೆಗೆದಾಗ ‘ಅಂವಾ ನಮ್ಮ ದೋಸ್ತ್, ಅವನ ರೊಕ್ಕಾ ನಾ ವಾಪಸ್ ಕೊಡ್ತೀನಿ, ನಿಮಗೇನ್ ತ್ರಾಸು?’ ಅಂದ. ಕೊನೆಗೆ ಸ್ವಲ್ಪ ಮೆತ್ತಗಾಗಿ ‘ಹೆಣ್ಮಕ್ಕಳೆಲ್ಲಾ ಫ್ರೀ ಬಸ್ಸಿಗೆ ಹೋದ್ರು ಸರ್. ಗಾಡಿ ಕಂತು ಯಾರ್ ಕಟ್ತಾರ?’ ಅಂದ. ಅದು ಸುಳ್ಳಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಇಂಥ ಗಾಡಿಯವರಿಗೆ ಏಟು ಬಿದ್ದಿದೆ. ನೂರು ಕೇಳು, ನೇರವಾಗಿ ಕೇಳು, ಕಷ್ಟ ಹೇಳಿಕೊಂಡು ಕೇಳು, ಕೊಡುತ್ತಿದ್ದೆ. ಪೇಪರ್ ಕಟಿಂಗು, ಬಾಡಿಗೆ ಪ್ಯಾಸೆಂಜರು, ಇದೆಲ್ಲ ಯಾಕೆ?

ಮನೆಗೆ ಹೋಗಿ ಕಾಕಾಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರಿನವರು ಜನವರಿಯಿಂದ 90 ಕೊಡುತ್ತಾರಂತೆ. ನೋಟು ಮಡಿಸಿ ಕೈಗಿಟ್ಟು ಇಳಿಯುತ್ತಾರಂತೆ, ಅವನೂ ತುಟಿ ಬಿಚ್ಚುವುದಿಲ್ಲವಂತೆ. ಆಗ ನೆನಪಾಯಿತು. ನನ್ನ ಪಕ್ಕದವನೂ ಹಾಗೇ ಮಡಿಸಿ ಕೊಟ್ಟಿದ್ದ. 120 ಕೊಟ್ಟವರು ಯಾರು? ಟಾಪಿನ ಮೇಲೆ ಬ್ಯಾಗು ಇದ್ದವರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಮದುವೆ ಕಾರ್ಡಿನ ಹಿಂದೆ ಲೆಕ್ಕ ಹಾಕಿದೆ. ವಿಜಯಪುರದಿಂದ ಸಿಂದಗಿ ಸುಮಾರು 60 ಕಿಲೋಮೀಟರ್. ಕ್ರೂಸರ್ ಲೀಟರಿಗೆ 12 ಕೊಡುತ್ತದೆ ಅಂತಿಟ್ಟುಕೊಳ್ಳಿ. 5 ಲೀಟರ್ ಬೇಕು. ಲೀಟರಿಗೆ 2 ರೂಪಾಯಿ ಜಾಸ್ತಿ ಆದರೆ ಇಡೀ ಟ್ರಿಪ್ಪಿಗೆ 10 ರೂಪಾಯಿ. ಇಡೀ ಟ್ರಿಪ್ಪಿಗೆ! ಗಾಡಿಯಲ್ಲಿ ಮಕ್ಕಳು ಮರಿ ಸೇರಿ 17 ಜನ ಇದ್ದೆವು. ದುಡ್ಡು ಕೊಡುವವರು 14 ಅಂತ ಹಿಡಿದರೂ ತಲೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಅವನು ಹೇಳಿದ 40 ಎಲ್ಲರೂ ಕೊಟ್ಟಿದ್ದರೆ 560 ರೂಪಾಯಿ. 5 ಲೀಟರ್ ಡೀಸೆಲ್ಲಿಗೆ 455. ಅಂದರೆ ‘ಹೆಚ್ಚಳ’ದ ದುಡ್ಡಿನಲ್ಲೇ ಪೂರ್ತಿ ಡೀಸೆಲ್ ಬಂದು, ಮಂಡಕ್ಕಿ, ಚಹಾಕ್ಕೂ ಉಳಿಯುತ್ತದೆ. ಈ ಲೆಕ್ಕ ಗಾಡಿಯಲ್ಲಿ ಕೂತಾಗ ಬೆರಳಿನಲ್ಲಿ ಹಾಕಬಹುದಿತ್ತು. ಹಾಕಲಿಲ್ಲ. ತೆರಿಗೆ ಶೇಕಡಾ ಎಷ್ಟು ಅಂತ ಗೊತ್ತಿತ್ತಲ್ಲ, ಅದರ ಅಹಂಕಾರ.

ದೂರು ಕೊಡೋಣ ಅಂತ ಸಾರಿಗೆ ಇಲಾಖೆಯಲ್ಲಿರುವ ಪರಿಚಯದವರಿಗೆ ಫೋನ್ ಮಾಡಿದೆ. ‘ಯಾವ ದರಕ್ಕಿಂತ ಜಾಸ್ತಿ ತಗೊಂಡ ಅಂತ ಬರೀತೀರಿ?’ ಅಂದರು. ನನಗೆ ಅರ್ಥ ಆಗಲಿಲ್ಲ. ಬಸ್ಸಿಗೆ, ಆಟೋಗೆ ಸರ್ಕಾರ ದರ ಗೊತ್ತು ಮಾಡಿರುತ್ತದೆ. ಕ್ರೂಸರ್‌ನಂಥ ಈ ಮ್ಯಾಕ್ಸಿಕ್ಯಾಬ್‌ಗಳಿಗೆ ಇರುವುದು ಇಡೀ ಗಾಡಿ ಬಾಡಿಗೆಗೆ ಓಡಿಸುವ ಪರ್ಮಿಟ್. ಮದುವೆಗೋ ತೀರ್ಥಯಾತ್ರೆಗೋ ಮಾತಾಡಿಕೊಂಡು ಹೋಗುವಂಥದ್ದು. ದಾರಿಯಲ್ಲಿ ಸೀಟಿನ ಲೆಕ್ಕದಲ್ಲಿ ಹತ್ತಿಸಿ ಇಳಿಸುವಂತೆಯೇ ಇಲ್ಲ. ಡ್ರೈವರ್ ಬಿಟ್ಟು 12 ಜನಕ್ಕಿಂತ ಜಾಸ್ತಿ ಕೂರಿಸುವಂತೆಯೂ ಇಲ್ಲ. ಸೀಟಿನ ವ್ಯಾಪಾರವೇ ನಿಯಮದ ಹೊರಗೆ ಇರುವಾಗ ‘ಸರ್ಕಾರಿ ರೇಟು’ ಎಲ್ಲಿಂದ ಬರಬೇಕು? ಹಾಗಾಗಿ ಯಾರಾದರೂ ಕಾಗದ ತೋರಿಸಿ ‘ರೇಟ್ ಏರ್ಯಾದ, ಆರ್ಡರ್ ಅದ’ ಅಂದರೆ ಅದು ಹಸಿ ಸುಳ್ಳು. ಆರ್ಡರ್ ಇಲ್ಲ. ಇರಲು ಸಾಧ್ಯವೇ ಇಲ್ಲ.

ಹಾಗಂತ ಕ್ರೂಸರ್ ಹತ್ತಬೇಡಿ ಅಂದರೆ ಆ ಕಡೆ ಬದುಕುವವರು ನನಗೇ ಬೈಯುತ್ತಾರೆ. ಹತ್ತಿ. ಆದರೆ ‘ಎಲ್ರೂ ಕೊಟ್ಟಷ್ಟ ಕೊಡ್ರಿ’ ಅಂದರೆ ಹತ್ತಬೇಡಿ, ನಂಬರ್ ಬಾಯಲ್ಲಿ ಹೇಳಿಸಿ. ಬ್ಯಾಗು ನಿಮ್ಮ ಕೈಯಲ್ಲೇ ಇರಲಿ, ಟಾಪಿಗೆ ಹೋದ ಮೇಲೆ ಇಳಿಯುವ ಮಾತು ಮುಗಿಯಿತು. ದುಡ್ಡು ಇಳಿಯುವಾಗ ಕೊಡಿ, ಮುಂಚೆ ಇಳಿಯುವವರು ಎಷ್ಟು ಕೊಡುತ್ತಾರೆ ಅಂತ ನೋಡಿಕೊಂಡು. ಅದರಲ್ಲೂ ವಯಸ್ಸಾದ ಹೆಂಗಸರು ಎಷ್ಟು ಕೊಡುತ್ತಾರೆ ನೋಡಿ. ಮತ್ತೆ ಯಾರೂ ಕೇಳದೆ ಮೊದಲು ದುಡ್ಡು ತೆಗೆಯುವವನನ್ನು ನಂಬಲೇಬೇಡಿ. ದುಡ್ಡು ಕೊಡಲು ಅಷ್ಟು ಅವಸರ ಯಾರಿಗಿರುತ್ತದೆ ಹೇಳಿ?

ಮದುವೆ ಮುಗಿಸಿ ಮೂರನೇ ದಿನ ವಾಪಸ್ ಹೊರಟೆ. ಕಾಕಾ ಬಸ್ ಸ್ಟ್ಯಾಂಡಿಗೆ ಬಿಡಲು ಬಂದಿದ್ದರು. ಹೊರಗೆ ಕ್ರೂಸರ್ ನಿಂತಿತ್ತು, ನಡು ಸೀಟಿನಲ್ಲಿ ಅವನೇ. ಅಂಗಿ ಮಾತ್ರ ಬೇರೆ, ನೀಲಿದು. ನನ್ನ ಗುರುತು ಹಿಡಿದ. ನಾಚಿಕೆ ಪಡುತ್ತಾನೇನೋ ಅಂದುಕೊಂಡೆ. ಅವನು ಸ್ವಲ್ಪ ಸರಿದು ಪಕ್ಕದ ಸೀಟು ತಟ್ಟಿ ‘ಬರ್ರಿ ಸರ್, ಒಂದ ಸೀಟ್ ಅದ’ ಅಂದ. ಕಾಕಾ ಮತ್ತೆ ನಗಲು ಶುರು ಮಾಡಿದರು. ನಾನು ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರಕ್ಕೆ ಬಂದೆ.