ವಸಡಿನ ಡೀಪ್ ಕ್ಲೀನಿಂಗ್‌ಗೆ ಡೆಂಟಲ್ ಕಾಲೇಜು ಆಗಬಹುದಾ?

ಧಾರಾಳವಾಗಿ ಆಗುತ್ತೆ, ಕಾಯುವಷ್ಟು ಪುರುಸೊತ್ತಿದ್ದರೆ. ಅಮ್ಮನಿಗೆ ಶುಗರ್ ಇದೆ. ಬ್ರಷ್ ಮಾಡಿದಾಗೆಲ್ಲ ವಸಡಿನಿಂದ ರಕ್ತ ಬರುತ್ತಿತ್ತು, ಕೆಳಗಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿತ್ತು. ನಮ್ಮೂರಿನ ಡೆಂಟಲ್ ಕಾಲೇಜಿನ ವಸಡು ವಿಭಾಗಕ್ಕೆ ಕರೆದುಕೊಂಡು ಹೋದೆ.

ಅವರು ಪರೀಕ್ಷೆ ಮಾಡಿದ ರೀತಿ ನೋಡಿಯೇ ನಂಬಿಕೆ ಬಂತು. ಪಿಜಿ ಮಾಡುತ್ತಿರುವ ಡಾಕ್ಟರ್ ಗೆರೆ ಇರುವ ತೆಳು ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಇಳಿಸಿ "ಮೂರು, ಎರಡು, ಆರು..." ಎನ್ನುತ್ತಾ ಹೋದರು, ಪಕ್ಕದವರು ಬರೆದುಕೊಂಡರು. ಅದು ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ, ಮೂರು ಮಿಲಿಮೀಟರ್ ತನಕ ಪರವಾಗಿಲ್ಲವಂತೆ. ಅಮ್ಮನ ದವಡೆ ಹಲ್ಲುಗಳ ಹತ್ತಿರ ಆರು, ಏಳು ಬಂತು.

"ಮಾತ್ರೆ ಕೊಟ್ಟುಬಿಡಿ ಡಾಕ್ಟ್ರೇ, ಈ ಕೆರೆಯೋದೆಲ್ಲ ಯಾಕೆ?" ಅಂದರು ಅಮ್ಮ.

"ಬರೀ ಮಾತ್ರೆಗೆ ಹೋಗಲ್ಲಮ್ಮ, ಬೇರಿಗೆ ಅಂಟಿರೋದನ್ನ ತೆಗೀಲೇಬೇಕು" ಎಂದು ಅವರು ಎಕ್ಸ್‌ರೇ ಹಿಡಿದು ವಿವರಿಸಿದರು. ಹಲ್ಲು ಹಿಡಿದಿರುವ ಮೂಳೆ ಕರಗುವುದು ಹೆಚ್ಚಾಗಿ ನಮ್ಮದೇ ರಕ್ಷಣಾ ವ್ಯವಸ್ಥೆಯಿಂದ. ಪೋರ್ಫಿರೋಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾ ವಸಡಿನ ಸಂದಿಯಲ್ಲಿ ಸೇರಿಕೊಂಡು, ಜಿಂಜಿಪೈನ್ ಎಂಬ ಕಿಣ್ವದಿಂದ ದೇಹದ ರಕ್ಷಣಾ ಪ್ರೋಟೀನುಗಳನ್ನು ಕತ್ತರಿಸಿಹಾಕುತ್ತದೆ. ಉರಿಯೂತ ಆರುವುದಿಲ್ಲ, ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ಪೈಕಿ ಟಿಎಚ್-17 ಬಗೆಯವು ಹೆಚ್ಚುತ್ತವೆ. ಅವು ಬಿಡುವ ಐಎಲ್-17 ಎಂಬ ಸಂದೇಶದ ಪ್ರೋಟೀನು ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ಸೆಳೆಯುತ್ತದೆ, ಕೊನೆಗೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಚುರುಕಾಗುತ್ತವೆ. ಹಾಗಂತ ಟಿಎಚ್-17 ಬೇಡವೇ ಬೇಡ ಎನ್ನುವಂತಿಲ್ಲ. ಮನೆಗೆ ಬಂದು ಓದಿದೆ: 2018ರಲ್ಲಿ ಅಮೆರಿಕದ ಸಂಶೋಧಕರು ಹುಟ್ಟಿನಿಂದಲೇ ಈ ಕೋಶಗಳ ಕೊರತೆ ಇರುವವರನ್ನು ಪರೀಕ್ಷಿಸಿದಾಗ ವಸಡಿನ ಉರಿಯೂತವೂ ಮೂಳೆ ಸವೆತವೂ ಕಡಿಮೆ ಇತ್ತು, ಆದರೆ ಅಂಥವರ ಬಾಯಿಗೆ ಶಿಲೀಂಧ್ರದ ಸೋಂಕು ಬೇಗ ತಗಲುತ್ತದೆ. ಕೆರಳಿಸುವ ಕೊಳೆಯನ್ನೇ ತೆಗೆಯಬೇಕು ಎಂಬ ಆ ಡಾಕ್ಟರ ಮಾತು ಆಗ ಪೂರ್ತಿ ಅರ್ಥವಾಯಿತು.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೊದಲು ಮೆಷಿನ್‌ನಲ್ಲಿ, ಆಮೇಲೆ ಕೈಯಲ್ಲಿ ಬೇರಿನವರೆಗೂ ಕ್ಲೀನ್ ಮಾಡಿದರು. ನೋವಾಗಲಿಲ್ಲ ಎಂದರು ಅಮ್ಮ. ಹೊರಗಿನ ಕ್ಲಿನಿಕ್‌ನವರು ಹೇಳಿದ್ದಕ್ಕಿಂತ ಖರ್ಚು ಬಹಳ ಕಡಿಮೆ.

ಬೇಸರದ ಸಂಗತಿಯೂ ಇದೆ. ಊತ ಇಳಿದ ಮೇಲೆ ಹಲ್ಲುಗಳ ನಡುವೆ ಸಂದಿ ಕಾಣುತ್ತದೆ, ತಣ್ಣೀರು ಜುಮ್ಮೆನಿಸುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು, ಅಮ್ಮ ಗಾಬರಿಯಾಗಿಬಿಟ್ಟರು. ಕರಗಿದ ಮೂಳೆ ಕ್ಲೀನಿಂಗ್‌ನಿಂದ ಮೊದಲಿನಷ್ಟು ಬೆಳೆಯುವುದಿಲ್ಲ ಎಂದು ಮಾತ್ರ ಮುಚ್ಚುಮರೆಯಿಲ್ಲದೆ ತಿಳಿಸಿದರು.

ಮರುಪರೀಕ್ಷೆಯಲ್ಲಿ ಆರು ಇದ್ದ ಕಡೆ ನಾಲ್ಕು ಬಂತು, ರಕ್ತ ನಿಂತಿದೆ. ಹೋಗುವವರು ಬೆಳಿಗ್ಗೆ ಬೇಗ ಚೀಟಿ ಮಾಡಿಸಿ. ಶುಗರ್ ಇದ್ದವರು ಇತ್ತೀಚಿನ ರಿಪೋರ್ಟ್ ತಪ್ಪದೆ ಒಯ್ಯಿರಿ, ಅದನ್ನು ಮೊದಲು ಕೇಳುತ್ತಾರೆ.